ಫೇಲ್‌ಸೇಫ್ ಅಂದರೆ ಕೆಡದ್ದು ಅಂತಲ್ಲ

ಲಿಫ್ಟಿನ ಜಾಹೀರಾತು, ಬೀಗದ ಜಾಹೀರಾತು, ಈಗೀಗ ಹೂಡಿಕೆಯ ಜಾಹೀರಾತಿನಲ್ಲೂ ‘ಫೇಲ್‌ಸೇಫ್’ ಎಂಬ ಮಾತು ‘ಎಂದೂ ಕೈಕೊಡದ್ದು’ ಎಂಬ ಅರ್ಥದಲ್ಲಿ ಓಡಾಡುತ್ತಿದೆ. ನಿಜವಾದ ಅರ್ಥ ಹೆಚ್ಚುಕಡಿಮೆ ಇದಕ್ಕೆ ಉಲ್ಟಾ. ಇದು ಒಂದಲ್ಲ ಒಂದು ದಿನ ಕೆಟ್ಟೇ ಕೆಡುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಕೆಟ್ಟ ಗಳಿಗೆಯಲ್ಲಿ ಅಪಾಯವಿಲ್ಲದ ಸ್ಥಿತಿಗೆ ತಾನಾಗಿ ಬಂದು ನಿಲ್ಲುವಂತೆ ಕಟ್ಟಿದ್ದು ಫೇಲ್‌ಸೇಫ್. ಕರೆಂಟ್ ಹೋದಾಗ ಲಿಫ್ಟು ನಡುವೆ ನಿಂತಿತೆಂದು ಬೈಯುತ್ತೇವಲ್ಲ, ಅಲ್ಲಿ ಕರೆಂಟಿಲ್ಲದಾಗ ತಾನಾಗಿ ಬಿಗಿದುಕೊಳ್ಳುವ ಸ್ಪ್ರಿಂಗ್ ಬ್ರೇಕು ತನ್ನ ಕೆಲಸ ಮಾಡಿರುತ್ತದೆ.

ರೈಲಿನ ಏರ್ ಬ್ರೇಕ್ ನೋಡಿ. ಬ್ರೇಕ್ ಹಾಕಲು ಪೈಪಿಗೆ ಗಾಳಿ ತುಂಬುತ್ತಾರೆ ಎಂದುಕೊಂಡವರು ಬಹಳ. ಗಾಡಿ ಓಡುವಾಗಲೇ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡ ಇರುತ್ತದೆ. ಅದು ಇಳಿದರೆ ಪ್ರತಿ ಬೋಗಿಯ ಡಿಸ್ಟ್ರಿಬ್ಯೂಟರ್ ವಾಲ್ವು ಅಲ್ಲೇ ಇರುವ ಟ್ಯಾಂಕಿನ ಗಾಳಿಯನ್ನು ಬ್ರೇಕ್ ಸಿಲಿಂಡರಿಗೆ ಬಿಡುತ್ತದೆ, ಬ್ರೇಕು ಹಿಡಿಯುತ್ತದೆ. ಲೋಕೋ ಪೈಲಟ್ ಇಳಿಸಿದರೂ ಅಷ್ಟೆ, ಯಾರೋ ಚೈನ್ ಎಳೆದರೂ ಅಷ್ಟೆ, ಬೋಗಿ ಕಳಚಿ ಹೋಸ್ ಕಿತ್ತುಬಂದರೂ ಅಷ್ಟೆ. ಇದಕ್ಕೂ ಮಿತಿ ಉಂಟು: ಬೋಗಿಗಳ ನಡುವೆ ಬ್ರೇಕ್ ಪೈಪಿಗಿರುವ ನಲ್ಲಿ (ಆ್ಯಂಗಲ್ ಕಾಕ್) ಮುಚ್ಚಿಕೊಂಡಿದ್ದರೆ ಮುಂದಿನ ಒತ್ತಡ ಇಳಿದದ್ದು ಹಿಂದಿನ ಬೋಗಿಗಳಿಗೆ ಗೊತ್ತೇ ಆಗುವುದಿಲ್ಲ. ಹೊರಡುವ ಮೊದಲು ಪೈಪು ಕೊನೆಯ ಬೋಗಿಯವರೆಗೂ ತೆರೆದಿದೆಯೇ ಎಂದು ನೋಡುವ ಕಂಟಿನ್ಯುಟಿ ಪರೀಕ್ಷೆ ಮಾಡುವುದು ಅದಕ್ಕೇ. ನಿಂತ ಗಾಡಿಯಲ್ಲಿ ಬ್ರೇಕ್ ಸಿಲಿಂಡರಿನ ಗಾಳಿಯೂ ಮೆಲ್ಲಗೆ ಸೋರಿ ಬ್ರೇಕು ಸಡಿಲವಾಗುತ್ತದೆ, ಆದ್ದರಿಂದ ಹ್ಯಾಂಡ್ ಬ್ರೇಕು, ಚಕ್ರಕ್ಕೆ ಮರದ ಬೆಣೆ.

ಕಾರಿನ ಬ್ರೇಕು ಹೀಗಲ್ಲ. ಆಯಿಲ್ ಸೋರಿದರೆ ಹಿಡಿತವೇ ಹೋಯಿತು. ಅದಕ್ಕೆ ಎರಡು ಲೈನ್ ಕೊಟ್ಟಿರುತ್ತಾರೆ. ಒಂದು ಹೋದರೆ ಇನ್ನೊಂದು ಎಂಬ ಆ ಏರ್ಪಾಡು ‘ಬ್ಯಾಕಪ್’, ಫೇಲ್‌ಸೇಫ್ ಅಲ್ಲ. ಹಾರುವ ವಿಮಾನದ ಎಂಜಿನ್ನಿಗಂತೂ ‘ನಿಂತುಬಿಡು’ ಎನ್ನುವುದು ಸೇಫ್ ಸ್ಥಿತಿಯೇ ಅಲ್ಲ.

‘ಸೇಫ್’ ಬಂದದ್ದು ಲ್ಯಾಟಿನ್ನಿನ ‘ಸಾಲ್ವುಸ್’ನಿಂದ, ಹಳೆಯ ಫ್ರೆಂಚ್ ದಾಟಿ. ಊನವಿಲ್ಲದ, ಇಡಿಯಾಗಿ ಉಳಿದ ಎಂದರ್ಥ. ನಮ್ಮ ಬಾಯಲ್ಲಿರುವ ಸಂಸ್ಕೃತದ ‘ಸರ್ವ’ವೂ ಅದೇ ಬೇರಿನದು. ‘ಸೆಕ್ಯೂರ್’ ಬೇರೆ ಮನೆತನ: ‘ಸೆ’ ಎಂದರೆ ಇಲ್ಲದೆ, ‘ಕೂರಾ’ ಎಂದರೆ ಚಿಂತೆ. ಅಕ್ಷರಶಃ ನಿಶ್ಚಿಂತ.

ಎರಡನ್ನೂ ‘ಸುರಕ್ಷಿತ’ ಎಂದು ಒಂದೇ ಮೂಟೆಗೆ ಕಟ್ಟುವವರು ಬೀಗದ ಅಂಗಡಿಯಲ್ಲಿ ಎಡವುತ್ತಾರೆ. ಎಲೆಕ್ಟ್ರಿಕ್ ಬೀಗಗಳಲ್ಲಿ ‘ಫೇಲ್‌ಸೇಫ್’ ಕರೆಂಟ್ ಹೋದರೆ ತೆರೆದುಕೊಳ್ಳುತ್ತದೆ, ‘ಫೇಲ್‌ಸೆಕ್ಯೂರ್’ ಹಾಕಿದಂತೆಯೇ ಇರುತ್ತದೆ. ‘ಸೇಫ್’ ಆಗಬೇಕಾದವನು ಒಳಗಿರುವ ಮನುಷ್ಯ, ದುಡ್ಡಲ್ಲ. ಹೆಸರು ನಂಬಿ ಕ್ಯಾಶ್ ರೂಮಿಗೆ ಫೇಲ್‌ಸೇಫ್ ಹಾಕಿಸಿದರೆ ಮೇನ್ ಸ್ವಿಚ್ ಆರಿಸಿದವನಿಗೆ ಬಾಗಿಲು ತೆರೆದಿಟ್ಟಂತೆ. ತುರ್ತು ಬಾಗಿಲಿನ ಮ್ಯಾಗ್ನೆಟಿಕ್ ಲಾಕ್ ಹುಟ್ಟಾ ಫೇಲ್‌ಸೇಫ್, ಕರೆಂಟಿಲ್ಲದೆ ಆ ಅಯಸ್ಕಾಂತ ಹಿಡಿಯುವುದೇ ಇಲ್ಲ. ಆದರೆ ಅದಕ್ಕೊಂದು ಬ್ಯಾಟರಿ ಜೋಡಿಸಿ, ಫೈರ್ ಅಲಾರಂ ಬಡಿದಾಗ ಲಾಕಿನ ಸಪ್ಲೈ ಕಡಿಯುವ ರಿಲೇ ಹಾಕದೆ ಬಿಟ್ಟರೆ, ಬೆಂಕಿ ಬಿದ್ದು ಕರೆಂಟ್ ಹೋದಮೇಲೂ ಬಾಗಿಲು ಬಿಗಿದೇ ಇರುತ್ತದೆ.