ಕ್ಯಾಚ್: ಬಂಗಡೆಯಿಂದ ಹೋಮ್‌ಸ್ಟೇವರೆಗೆ

ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟಿನಿಂದ ಇಳಿಯುವ ಬಂಗಡೆ ರಾಶಿಗೆ ಇಂಗ್ಲಿಷಿನಲ್ಲಿ ‘ಕ್ಯಾಚ್’ ಅಂತಾರೆ. ಇಲ್ಲಿ ಅದು ನಾಮಪದ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದಲ್ವಾ, ಅದು ಮುಗಿದ ಮೇಲೆ ಬರುವ ಮೊದಲ ಮೀನು ‘ಫಸ್ಟ್ ಕ್ಯಾಚ್ ಆಫ್ ದ ಸೀಸನ್’.

ಕ್ರಿಯಾಪದವಾದಾಗ ನಮ್ಮ ‘ಹಿಡಿ’ ಬಹಳ ದೂರ ಇದರ ಜೊತೆಗೇ ಬರುತ್ತದೆ. ಮೀನು ಹಿಡಿ, ಕಳ್ಳನನ್ನು ಹಿಡಿ, ಬಸ್ ಹಿಡಿ, ಬೆಂಕಿ ಹಿಡಿಯಿತು, ಶೀತ ಹಿಡಿಯಿತು. ಎಲ್ಲದಕ್ಕೂ ಕ್ಯಾಚ್ ಸಾಕು. ಭೂತಕಾಲ ಮಾತ್ರ ‘ಕಾಟ್’, ‘ಕ್ಯಾಚ್ಡ್’ ಅಲ್ಲ.

ತೊಂದರೆ ಶುರುವಾಗುವುದು ‘ಹಿಡಿ’ ಬೇರೆ ದಾರಿಗೆ ಹೋದಾಗ. ಪಕ್ಕದಲ್ಲಿ ನಿಂತವರಿಗೆ ‘ಸ್ವಲ್ಪ ಈ ಚೀಲ ಹಿಡ್ಕೊಳ್ಳಿ’ ಅನ್ನಬೇಕು. ‘ಕ್ಯಾಚ್ ದಿಸ್ ಬ್ಯಾಗ್’ ಅಂದರೆ ನೀವು ಚೀಲ ಎಸೀತೀರಿ ಅಂತ ಅವರು ಹಿಂದೆ ಸರಿದಾರು! ಇಲ್ಲಿ ಬೇಕಾದದ್ದು ‘ಹೋಲ್ಡ್’. ಓಡುವುದು, ಹಾರುವುದು, ಜಾರುವುದು ಕೈಗೆ ಸಿಕ್ಕರೆ ಕ್ಯಾಚ್. ಸಿಕ್ಕಿದ್ದನ್ನು ಬಿಡದೆ ಇಟ್ಟುಕೊಂಡರೆ ಹೋಲ್ಡ್. ಕನ್ನಡದಲ್ಲಿ ‘ಹಿಡಿದುಕೋ’ ಎನ್ನುವ ಕಡೆ ಹೆಚ್ಚಾಗಿ ಹೋಲ್ಡ್ ಬರುತ್ತದೆ. ಪೂರ್ತಿ ನಿಯಮ ಅಲ್ಲ, ಆದರೆ ಮಾತಾಡುವಾಗ ತಟ್ಟನೆ ನೆನಪಿಗೆ ಬರುತ್ತದೆ.

ಈ ಓಟದ ಅರ್ಥ ಪದದ ಹುಟ್ಟಿನಲ್ಲೇ ಇದೆ. ಲ್ಯಾಟಿನ್ ಮೂಲದ ಇದು ಉತ್ತರ ಫ್ರಾನ್ಸಿನ ಆಡುನುಡಿಯಿಂದ, ನಾರ್ಮನ್ನರ ಮೂಲಕ ಇಂಗ್ಲಿಷಿಗೆ ಬಂತು. ಬೆನ್ನಟ್ಟು ಎನ್ನುವ ಅರ್ಥದ ‘ಚೇಸ್’ ಇದರ ಒಡಹುಟ್ಟು. ಮೊದಮೊದಲು ಕ್ಯಾಚ್‌ಗೂ ಬೆನ್ನಟ್ಟುವ ಅರ್ಥವೇ ಇತ್ತು.

ರೈಲಿಗೂ ಹೀಗೇ. ‘ಟೇಕ್ ದ ಟ್ರೇನ್’ ಅಂದರೆ ಸುಮ್ನೆ ರೈಲಿನಲ್ಲಿ ಹೋಗುವುದು. ‘ಐ ಹ್ಯಾವ್ ಟು ಕ್ಯಾಚ್ ದ ಮತ್ಸ್ಯಗಂಧ’ ಅಂದರೆ ಗಡಿಯಾರ ನೋಡುತ್ತಾ ಹೊರಡುವುದು. ಮಾತೂ ಜಾರುತ್ತದೆ. ಯಾರದೋ ಹೆಸರು ಸರಿಯಾಗಿ ಕೇಳಿಸದಿದ್ದರೆ ‘ಸಾರಿ, ಐ ಡಿಡ್ ನಾಟ್ ಕ್ಯಾಚ್ ಯುವರ್ ನೇಮ್’. ‘ವಾಟ್?’ ಅನ್ನುವುದಕ್ಕಿಂತ ಎಷ್ಟೋ ಮರ್ಯಾದೆಯ ಮಾತು.

ಕೆಲವೊಮ್ಮೆ ಸಿಕ್ಕಿಬೀಳುವವರು ನಾವೇ. ಶಿರಸಿಯಿಂದ ಬೈಕಿನಲ್ಲಿ ದೇವಿಮನೆ ಘಟ್ಟ ಇಳಿಯುವಾಗ ಮಳೆ ಹೊಡೆದರೆ ‘ವಿ ಗಾಟ್ ಕಾಟ್ ಇನ್ ದ ರೇನ್’. ಅಂಗಿ ಮುಳ್ಳುಬೇಲಿಗೆ ಸಿಕ್ಕಿಕೊಂಡರೂ ಕಾಟ್.

ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು ನಾಮಪದ. ಗೋಕರ್ಣದಲ್ಲಿ ರಜೆಯ ವಾರ ಯಾರೋ ಇನ್ನೂರು ರೂಪಾಯಿಗೆ ಕಡಲಿಗೆ ಮುಖ ಮಾಡಿದ ಹೋಮ್‌ಸ್ಟೇ ಕೊಡ್ತೀನಿ ಅಂದರೆ ಕೇಳಬೇಕಾದ ಪ್ರಶ್ನೆ, ‘ವಾಟ್ಸ್ ದ ಕ್ಯಾಚ್?’ ಎಲ್ಲೋ ಏನೋ ಮಸಲತ್ತಿದೆ, ಅದೇನು ಅಂತ. ಬಾಗಿಲಿನ ಚಿಲಕಕ್ಕೂ ಕ್ಯಾಚ್ ಅನ್ನುವುದುಂಟು. ಕ್ರಿಕೆಟ್ಟಿನದು ಹೇಳಬೇಕಿಲ್ಲ. ಪಾಠಗಳಲ್ಲಿ ಬರುವ ‘ಕ್ಯಾಚ್‌ಮೆಂಟ್’ ಕೂಡ ಇದೇ ಮನೆಯ ಪದ. ಕಾಳಿಯ ಕ್ಯಾಚ್‌ಮೆಂಟ್ ಅಂದರೆ ಎಲ್ಲೆಲ್ಲಿ ಬಿದ್ದ ಮಳೆನೀರು ಹರಿದು ಆ ಹೊಳೆಗೆ ಸೇರುತ್ತದೋ ಅಷ್ಟೂ ನೆಲ.

ಇವನ್ನು ಇಂಗ್ಲಿಷಿಗೆ ತಿರುಗಿಸಿ ನೋಡಿ: ‘ಸ್ವಲ್ಪ ಕೊಡೆ ಹಿಡ್ಕೋ’, ‘ಓಡಿಹೋಗಿ ಅಂಕೋಲೆ ಬಸ್ ಹಿಡಿದೆ’, ‘ಗೇಟಿಗೆ ತುಕ್ಕು ಹಿಡಿದಿದೆ’, ‘ಅವಳು ಕೊನೆಗೆ ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲ’. ಎರಡಕ್ಕೆ ಮಾತ್ರ ಕ್ಯಾಚ್ ಬೇಕು.