ಅಂಗಡಿಯವರು ತುಪ್ಪಳ ಬಿಟ್ಟರೆ ಕಾಡಿನ ಬೇಟೆ ನಿಲ್ಲುತ್ತದೆಯೇ?

ಓದುಗರ ಪ್ರಶ್ನೆ: ಕೆನಡಾದಲ್ಲಿ ಚಳಿಗಾಲದ ಜಾಕೆಟ್ ಕೊಳ್ಳಲು ಹೋದರೆ ಈಗ ಟೊಪ್ಪಿಗೆಗೆ ನಿಜವಾದ ತುಪ್ಪಳ ಇರುವುದು ಅಪರೂಪ. ದೊಡ್ಡ ಅಂಗಡಿಗಳು ಮಾರೋದನ್ನೇ ನಿಲ್ಲಿಸಿವೆ. ಪ್ರಾಣಿ ಉಳಿದರೆ ಒಳ್ಳೆಯದೇ ಅಲ್ವಾ? ಅಲ್ಲಿನ ಬೇಟೆಗಾರರಿಗೆ ಯಾಕಿಷ್ಟು ಸಿಟ್ಟು?

ಉತ್ತರ: ಆ ಟೊಪ್ಪಿಗೆಯಿಂದಲೇ ಶುರು ಮಾಡೋಣ. ಅದರ ಅಂಚಿಗೆ ಹೊಲಿಯುತ್ತಿದ್ದದ್ದು ಕಾಯೋಟಿಯ ತುಪ್ಪಳ. ಕಾಯೋಟಿ ಅಂದರೆ ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಚಿಕ್ಕದು. ಅದರ ಮೈಮೇಲೆ ಉದ್ದನೆಯ ಒರಟು ಕೂದಲು, ಬುಡದಲ್ಲಿ ಹತ್ತಿಯಂಥ ಮೆತ್ತನೆ ಕೂದಲು. ಮುಖಕ್ಕೆ ನುಗ್ಗುವ ಗಾಳಿ ಈ ಏರುಪೇರು ಕೂದಲಿಗೆ ಸಿಕ್ಕಿ ಜೋರು ಕಳೆದುಕೊಳ್ಳುತ್ತದೆ. ಉಸಿರಿನ ಹಬೆ ಮಂಜಾಗಿ ಅಂಟಿದರೂ ಕೈಯಲ್ಲಿ ಕೊಡವಿದರೆ ಉದುರುತ್ತದೆ.

ಟೊರಾಂಟೊದ ಕೆನಡಾ ಗೂಸ್ ಕಂಪನಿ ಹೆಸರು ಮಾಡಿದ್ದೇ ಇಂಥ ಟೊಪ್ಪಿಗೆಯಿಂದ. 2021ರ ಜೂನ್‌ನಲ್ಲಿ ಅದು, ವರ್ಷದ ಕೊನೆಗೆ ತುಪ್ಪಳ ಕೊಳ್ಳುವುದನ್ನು, 2022ರ ಕೊನೆಗೆ ಬಳಸುವುದನ್ನೂ ನಿಲ್ಲಿಸುವುದಾಗಿ ಹೇಳಿತು. ಅಷ್ಟರಲ್ಲಿ ಅಮೆರಿಕದ ಅಂಗಡಿಗಳು ಸಾಲಾಗಿ ಹೊರಟಿದ್ದವು. 2019ರಲ್ಲಿ ಮೇಸೀಸ್, 2020ರಲ್ಲಿ ನಾರ್ಡ್‌ಸ್ಟ್ರಾಮ್, 2021ರಲ್ಲಿ ಸ್ಯಾಕ್ಸ್ ಮತ್ತು ನೀಮನ್ ಮಾರ್ಕಸ್.

ಬೇಟೆಗಾರರ ಮೊದಲ ಮಾತು ಏನೆಂದರೆ, ಅಂಗಡಿ ಬಿಟ್ಟ ಮಾತ್ರಕ್ಕೆ ಕಾಯೋಟಿ ಬದುಕುವುದಿಲ್ಲ. ಇದರಲ್ಲಿ ಹುರುಳಿದೆ. ಕೆನಡಾದ ಹುಲ್ಲುಗಾವಲು ಸೀಮೆಯಲ್ಲಿ ಕರು, ಕುರಿ ಸಾಕುವವರು ತುಪ್ಪಳಕ್ಕೆ ಬೆಲೆ ಇರಲಿ ಬಿಡಲಿ ಕಾಯೋಟಿಗೆ ಗುಂಡು ಹೊಡೆಯುತ್ತಾರೆ. 2009-10ರ ಚಳಿಗಾಲದಲ್ಲಿ ಸಸ್ಕಾಚೆವನ್ ಸರ್ಕಾರವೇ ಒಂದು ಕಾಯೋಟಿಗೆ 20 ಡಾಲರ್ ಬಹುಮಾನ ಇಟ್ಟಿತ್ತು. ಕೊಂದಿದ್ದಕ್ಕೆ ಸಾಕ್ಷಿಯಾಗಿ ನಾಲ್ಕು ಪಂಜ ತಂದು ತೋರಿಸಬೇಕಿತ್ತು. ಕೆಲವೇ ತಿಂಗಳಲ್ಲಿ ಲೆಕ್ಕ ಸುಮಾರು 71,000 ದಾಟಿತು. ಆ ಬಹುಮಾನ ಸಿಗುತ್ತಿದ್ದದ್ದು ಪಂಜಕ್ಕೆ, ತೊಗಲಿಗಲ್ಲ. ಮುಂದೆ ಜಾಕೆಟ್ ಫ್ಯಾಷನ್ ಬಂದಾಗ ಒಳ್ಳೆಯ ತೊಗಲೊಂದು 100 ಡಾಲರ್ ದಾಟಿತು. ಹೇಗೂ ಸಾಯುವ ಪ್ರಾಣಿ ಹಳ್ಳಕ್ಕೆ ಬೀಳುವ ಬದಲು ಬಳಕೆಗೆ ಬರುತ್ತಿತ್ತಲ್ಲ, ಅದನ್ನೂ ನಿಲ್ಲಿಸಿದಿರಿ ಅನ್ನುವುದು ಅವರ ದೂರು.

ಎರಡನೆಯ ಮಾತು ನಕಲಿ ತುಪ್ಪಳದ ಬಗ್ಗೆ. ಅದು ಬಹುಪಾಲು ಪ್ಲಾಸ್ಟಿಕ್ ನೂಲು. ಹೌದು, ಸರಿ. ಆದರೆ ನಿಜವಾದ ತುಪ್ಪಳ ಇಲ್ಲದಿದ್ದರೆ ಪ್ಲಾಸ್ಟಿಕ್ಕೇ ಗತಿ ಅನ್ನುವುದು ಸುಮ್ನೆ ಮಾತು. ಉಣ್ಣೆ ಎಲ್ಲಿ ಹೋಯಿತು?

ನನಗೆ ಅವರ ವಾದ ಕಾಯೋಟಿಯ ಹತ್ತಿರವೇ ನಿಂತುಬಿಡುತ್ತದೆ. ಲಿಂಕ್ಸ್ ಎಂಬ ಕಾಡುಬೆಕ್ಕನ್ನು, ಮರ ಹತ್ತುವ ಮಾರ್ಟೆನ್ನನ್ನು ಯಾರೂ ಕರು ಉಳಿಸಲು ಹಿಡಿಯುವುದಿಲ್ಲ. ತುಪ್ಪಳಕ್ಕೆ ಬೆಲೆ ಇದೆ, ಅದಕ್ಕೇ ಹಿಡಿಯುತ್ತಾರೆ. ಬೆಲೆ ಬಿದ್ದರೆ ಪೆಟ್ರೋಲ್ ಸುಟ್ಟುಕೊಂಡು ಹಿಮದಲ್ಲಿ ಹೋಗುವವರು ಕಡಿಮೆಯಾಗುತ್ತಾರೆ. ಇನ್ನು ನೋವಿನ ಮಾತು. ಕೆನಡಾ, ರಷ್ಯಾ, ಯುರೋಪ್ ಒಕ್ಕೂಟ ಸೇರಿ 1990ರ ದಶಕದ ಕೊನೆಗೆ ಟ್ರ್ಯಾಪ್ ಹೇಗಿರಬೇಕು ಅಂತ ಒಪ್ಪಂದ ಮಾಡಿಕೊಂಡವು. ಕೊಲ್ಲುವ ಟ್ರ್ಯಾಪ್‌ನಲ್ಲಿ ಬಹಳಷ್ಟು ಪ್ರಾಣಿಗಳಿಗೆ ಪ್ರಜ್ಞೆ ತಪ್ಪಲು 300 ಸೆಕೆಂಡಿನ ಮಿತಿ. ಮೊದಲಿನ ಹಲ್ಲಿನ ಕತ್ತರಿಗಿಂತ ವಾಸಿ, ಒಪ್ಪೋಣ. ಆದರೂ ಒಮ್ಮೆ ಗಡಿಯಾರ ನೋಡುತ್ತಾ ಐದು ನಿಮಿಷ ಸುಮ್ಮನೆ ಕೂತು ನೋಡಿ.

1972ರ ವನ್ಯಜೀವಿ ಕಾಯ್ದೆಯ ನಂತರ ಬೆಳೆದ ನಮಗೆ ಲೈಸೆನ್ಸ್ ಪಡೆದು ಕಾಡುಪ್ರಾಣಿ ಹಿಡಿಯುವುದೇ ವಿಚಿತ್ರ. ಅಲ್ಲಿ ಸರ್ಕಾರವೇ ಇಷ್ಟು ಕಾಡು ಇಂಥವರಿಗೆ ಅಂತ ಟ್ರ್ಯಾಪ್‌ಲೈನ್ ಬರೆದುಕೊಡುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಿ 1926ರಿಂದ ಈ ಪದ್ಧತಿ ಇದೆ. ಕೆಲಸ ಹಿಡಿಯುವುದರಲ್ಲಿ ಮುಗಿಯುವುದೂ ಇಲ್ಲ. ಬೀವರ್ ಎಂಬ ನೀರಲ್ಲಿ ಈಜುವ ದಂಶಕ ಸಿಕ್ಕರೆ ತೊಗಲು ಸುಲಿದು, ಒಳಗಿನ ಕೊಬ್ಬನ್ನೆಲ್ಲ ಕೆರೆದು ತೆಗೆದು, ಹಲಗೆಯ ಮೇಲೆ ದುಂಡಗೆ ಎಳೆದು ಸುತ್ತ ಮೊಳೆ ಹೊಡೆದು ಒಣಗಿಸಬೇಕು. ಒಂದು ಕಡೆ ಚಾಕು ತಾಗಿ ತೂತಾದರೂ ಹರಾಜಿನಲ್ಲಿ ಬೆಲೆ ಇಳಿಯುತ್ತದೆ. ಇಷ್ಟು ಮಾಡುವವರನ್ನು ಮಿಂಕ್ ಎಂಬ ಮುಂಗುಸಿಯಂಥ ಪ್ರಾಣಿಗಳನ್ನು ಸಾವಿರಾರು ಲೆಕ್ಕದಲ್ಲಿ ತಂತಿಗೂಡಿನಲ್ಲಿ ಸಾಕುವ ಫಾರಂಗಳ ಜೊತೆ ಒಂದೇ ತಕ್ಕಡಿಗೆ ಹಾಕಿದ್ದು ಅವರಿಗೆ ಜಾಸ್ತಿ ನೋವು ಕೊಟ್ಟಿದೆ. ಮಾರುಕಟ್ಟೆಗೆ ಬರುತ್ತಿದ್ದ ತುಪ್ಪಳದಲ್ಲಿ ಬಹುಪಾಲು ಫಾರಂನದ್ದೇ. ಮಿಂಕ್ ಕೋಟು ಅಂಗಡಿಯಿಂದ ಹೋದದ್ದಕ್ಕೆ ನನಗಂತೂ ಬೇಸರವಿಲ್ಲ.

ಆದರೆ ಎಲ್ಲವನ್ನೂ ಒಂದೇ ಎಂದು ಬಗೆದರೆ ಏನಾಗುತ್ತದೆ ಅನ್ನುವುದನ್ನು ಉತ್ತರ ಧ್ರುವದ ಇನ್ಯೂಟ್ ಜನ ಆಗಲೇ ಕಂಡಿದ್ದಾರೆ. 1983ರಲ್ಲಿ ಯುರೋಪ್, ಸೀಲ್ ಎಂಬ ಕಡಲ ಪ್ರಾಣಿಯ ಬಿಳಿ ಮರಿಗಳ ತೊಗಲನ್ನು ನಿಷೇಧಿಸಿತು. ಇನ್ಯೂಟರು ಆ ಮರಿಗಳನ್ನು ಬೇಟೆಯಾಡುತ್ತಲೇ ಇರಲಿಲ್ಲ. ಅವರು ಹಿಡಿಯುತ್ತಿದ್ದದ್ದು ಬೆಳೆದ ರಿಂಗ್ಡ್ ಸೀಲ್. ಮಾಂಸ ಊಟಕ್ಕೆ, ತೊಗಲು ಬಟ್ಟೆಗೆ, ಮಿಕ್ಕ ತೊಗಲು ಮಾರಾಟಕ್ಕೆ. ಕಾನೂನು ಅವರಿಗೆ ವಿನಾಯಿತಿ ಕೊಟ್ಟಿತ್ತು. ಆದರೆ ಕೊಳ್ಳುವವರಿಗೆ ಸೀಲ್ ಅಂದರೆ ಸೀಲ್! ಬೆಲೆ ನೆಲಕಚ್ಚಿತು. ಬೇಟೆಗೆ ಬೇಕಾದ ಪೆಟ್ರೋಲ್, ಗುಂಡು ಕೊಳ್ಳಲು ಆ ತೊಗಲಿನ ದುಡ್ಡೇ ಆಗಬೇಕಿತ್ತು. ಅಂದರೆ ಊಟಕ್ಕೂ ಕಲ್ಲು ಬಿತ್ತು. 2009ರಲ್ಲಿ ಯುರೋಪ್ ಎಲ್ಲ ಸೀಲ್ ವಸ್ತುಗಳನ್ನೂ ನಿಷೇಧಿಸಿತು, ಮತ್ತೆ ಇನ್ಯೂಟರಿಗೆ ವಿನಾಯಿತಿ ಬರೆಯಿತು. ಸೀಲ್ ಬೇಟೆ ವಿರುದ್ಧ ದೊಡ್ಡದಾಗಿ ದನಿ ಎತ್ತಿದ್ದ ಗ್ರೀನ್‌ಪೀಸ್ ಕೆನಡಾ, ಇನ್ಯೂಟರಿಗೆ ಆದ ತೊಂದರೆಗೆ 2014ರಲ್ಲಿ ಕ್ಷಮೆ ಕೇಳಿತು. ಅಂಗಡಿಗಳ ಹೊಸ ನಿಯಮ ಕಂಡಾಗ ಮೂಲನಿವಾಸಿ ಬೇಟೆಗಾರರು ಬೆಚ್ಚುವುದು ಈ ನೆನಪಿಗೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಸ್ಯಾಕ್ಸ್ ತುಪ್ಪಳ ಬಿಡುತ್ತೇನೆ ಅಂದಾಗ ಅದರ ಒಡೆಯ ಹಡ್ಸನ್ಸ್ ಬೇ ಕಂಪನಿ. 1670ರಲ್ಲಿ ಇಂಗ್ಲೆಂಡಿನ ದೊರೆಯ ಸನ್ನದು ಪಡೆದು ಹುಟ್ಟಿದ್ದೇ ಬೀವರ್ ತೊಗಲಿನ ವ್ಯಾಪಾರಕ್ಕೆ. ಕಂಪನಿಯ ಲಾಂಛನದಲ್ಲಿ ನಾಲ್ಕು ಬೀವರ್‌ಗಳು. ಅದರ ಕೋಠಿಗಳಲ್ಲಿ ಕಂಬಳಿ, ಕೊಡಲಿ, ಕೋವಿಯ ಬೆಲೆಯನ್ನೆಲ್ಲ ಇಷ್ಟು ಬೀವರ್ ತೊಗಲು ಅಂತಲೇ ಹೇಳುತ್ತಿದ್ದರು. ಅದೇ ಕಂಪನಿ 1991ರಲ್ಲಿ ತುಪ್ಪಳದ ಕೌಂಟರ್ ಮುಚ್ಚಿ, 1997ರಲ್ಲಿ ಮತ್ತೆ ತೆರೆದಿತ್ತು. ಬೇಟೆಗಾರರು ಅಂಗಡಿಯವರ ಮಾತನ್ನು ಪೂರ್ತಿ ನಂಬದಿರುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಈಗ ಅವರು ಏನು ಮಾಡುತ್ತಿದ್ದಾರೆ? ಕೆಲವರು ತಾವೇ ಕೈಗವಸು, ಟೋಪಿ ಹೊಲಿದು ಮಾರುತ್ತಾರೆ. ಬೀವರ್ ತುಪ್ಪಳವನ್ನು ಒತ್ತಿ ಮಾಡಿದ ಬಟ್ಟೆಗೆ ಕೌಬಾಯ್ ಟೋಪಿ ಮಾಡುವವರಲ್ಲಿ ಇವತ್ತಿಗೂ ಬೇಡಿಕೆ ಇದೆ. ಟೊರಾಂಟೊದ ದೊಡ್ಡ ಹರಾಜು ಸಂಸ್ಥೆ 2019ರಲ್ಲಿ ಸಾಲದಲ್ಲಿ ಮುಳುಗಿ ಕೋರ್ಟಿನ ಮೊರೆ ಹೋಯಿತು. ಅದೂ ಹಡ್ಸನ್ಸ್ ಬೇ ಬಳ್ಳಿಯ ಕುಡಿಯೇ. ತೊಗಲುಗಳು ಈಗ ಒಂಟಾರಿಯೊದ ನಾರ್ತ್ ಬೇ ಊರಿನ ಹರಾಜಿಗೆ ಹೋಗುತ್ತವೆ. ಅದನ್ನು ನಡೆಸುವುದು ಬೇಟೆಗಾರರು ಮತ್ತು ಮೂಲನಿವಾಸಿಗಳೇ. ಹಡ್ಸನ್ಸ್ ಬೇ ಅಂಗಡಿಗಳು 2025ರ ಜೂನ್ ಹೊತ್ತಿಗೆ ಬಾಗಿಲು ಹಾಕಿದವು.