ಹೆರಿಗೆಯ ನಂತರ ಹೊಟ್ಟೆಯ ಸ್ನಾಯುಗಳ ಬೇರ್ಪಡೆ: ಅಂತರವನ್ನಷ್ಟೇ ಅಳೆದರೆ ಸಾಲದು

ಹೊಟ್ಟೆಯ ಮುಂಭಾಗದಲ್ಲಿ ಎದೆಗೂಡಿನ ಅಂಚಿನಿಂದ ಜಘನದ ಮೂಳೆಯವರೆಗೆ, ಎಡಕ್ಕೊಂದು ಬಲಕ್ಕೊಂದು ಪಟ್ಟಿಯಂತೆ ಇಳಿದಿರುವ ಸ್ನಾಯುಗಳಿಗೆ ರೆಕ್ಟಸ್ ಅಬ್ಡಾಮಿನಿಸ್ ಎಂದು ಹೆಸರು. ಇವೆರಡರ ನಡುವೆ ಸ್ನಾಯುವಿಲ್ಲ. ಪಕ್ಕದ ಸ್ನಾಯುಗಳ ಪೊರೆಯಂಥ ತುದಿಗಳು ಎರಡೂ ಕಡೆಯಿಂದ ಬಂದು ಹೆಣೆದುಕೊಂಡು ಉಂಟಾದ, ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನಿನ ಎಳೆಗಳ ಬಿಳಿಯ ಪಟ್ಟಿಯಿದೆ. ಅದೇ ಲೀನಿಯಾ ಆಲ್ಬಾ. ಗರ್ಭ ಬೆಳೆದಂತೆ ಒಳಗಿನ ಒತ್ತಡವೂ ಹಾರ್ಮೋನುಗಳ ಪ್ರಭಾವವೂ ಸೇರಿ ಈ ಪಟ್ಟಿ ಹಿಗ್ಗಿ ತೆಳುವಾಗುತ್ತದೆ, ಸ್ನಾಯುಗಳು ಪರಸ್ಪರ ದೂರ ಸರಿಯುತ್ತವೆ. ಈ ಸ್ಥಿತಿಯನ್ನು ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ‘ಬೇರ್ಪಡೆ’ ಎಂಬ ಮಾತು ಕೇಳಿದೊಡನೆ ಒಳಗೇನೋ ಹರಿದುಹೋಗಿದೆ ಎಂದು ಅನೇಕ ತಾಯಂದಿರು ಗಾಬರಿಯಾಗುತ್ತಾರೆ. ಏನೂ ಹರಿದಿಲ್ಲ, ಹಿಗ್ಗಿದೆ ಅಷ್ಟೆ ಎಂಬ ವಿವರಣೆಯಿಂದಲೇ ಚಿಕಿತ್ಸೆ ಆರಂಭವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಎಷ್ಟು ಸಾಮಾನ್ಯ ಎಂಬುದಕ್ಕೆ, ಮೊದಲ ಬಾರಿ ಗರ್ಭಿಣಿಯರಾದ 300 ಮಹಿಳೆಯರನ್ನು ಅನುಸರಿಸಿದ ನಾರ್ವೆಯ ಒಂದು ಅಧ್ಯಯನವನ್ನು (2016) ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಹೆರಿಗೆಯಾದ 6 ವಾರಕ್ಕೆ ಅವರಲ್ಲಿ ಸುಮಾರು ಶೇ. 60, 6 ತಿಂಗಳಿಗೆ ಶೇ. 45, ಒಂದು ವರ್ಷದ ಹೊತ್ತಿಗೆ ಶೇ. 33ರಷ್ಟು ಮಂದಿಯಲ್ಲಿ ಬೇರ್ಪಡೆ ಕಂಡುಬಂದಿತ್ತು. ಅದೇ ಅಧ್ಯಯನದಲ್ಲಿ, ಒಂದು ವರ್ಷದ ನಂತರವೂ ಬೇರ್ಪಡೆ ಉಳಿದಿದ್ದವರಲ್ಲಿ ಸೊಂಟನೋವು ಉಳಿದವರಿಗಿಂತ ಹೆಚ್ಚಾಗಿರಲಿಲ್ಲ. ಬೆನ್ನುನೋವೆಂದು ಬಂದ ಬಾಣಂತಿಯ ಹೊಟ್ಟೆಯಲ್ಲಿ ಅಂತರ ಕಂಡ ಕೂಡಲೇ ನೋವಿಗೆ ಅದೇ ಕಾರಣವೆಂದು ತೀರ್ಮಾನಿಸುವ ಅವಸರ ನಮ್ಮಂಥ ಕಲಿಯುವವರಲ್ಲಿ ಹೆಚ್ಚು; ಆದ್ದರಿಂದ ಈ ಮಾತಿಗೆ ಅಡಿಗೆರೆ ಎಳೆದುಕೊಳ್ಳಬೇಕು.

ಪರೀಕ್ಷೆಯ ವಿಧಾನ ಸರಳವಾದದ್ದು. ಮಹಿಳೆ ಮಂಡಿ ಮಡಚಿ ಅಂಗಾತ ಮಲಗಿ, ಉಸಿರು ಬಿಡುತ್ತಾ ತಲೆ ಮತ್ತು ಭುಜಗಳನ್ನು ತುಸು ಎತ್ತುತ್ತಾರೆ. ಪರೀಕ್ಷಕರು ಬೆರಳುಗಳನ್ನು ಅಡ್ಡಡ್ಡವಾಗಿ ಜೋಡಿಸಿ ಹೊಕ್ಕುಳಿನ ಮಟ್ಟದಲ್ಲಿ, ಅದರ ಮೇಲೆ ಮತ್ತು ಕೆಳಗೆ ಮುಟ್ಟಿ, ಎರಡು ಸ್ನಾಯುಗಳ ಅಂಚಿನ ನಡುವೆ ಎಷ್ಟು ಬೆರಳು ಹಿಡಿಯುತ್ತದೆ ಎಂದು ನೋಡುತ್ತಾರೆ. ಎರಡು ಬೆರಳು ಅಥವಾ ಅದಕ್ಕಿಂತ ಹೆಚ್ಚಾದರೆ ಬೇರ್ಪಡೆ ಎಂದು ಪರಿಗಣಿಸುವುದು ರೂಢಿ. ಆದರೆ ಪಟ್ಟಿಯ ಅಗಲ ಎಲ್ಲೆಡೆ ಒಂದೇ ಸಮನಾಗಿಲ್ಲ. ಹೆರಿಗೆಯೇ ಆಗದ 150 ಮಹಿಳೆಯರನ್ನು ಅಲ್ಟ್ರಾಸೌಂಡಿನಿಂದ ಅಳೆದ 2009ರ ಒಂದು ಅಧ್ಯಯನ, ಎದೆಮೂಳೆಯ ತುದಿಯಲ್ಲಿ 15 ಮಿ.ಮೀ.ವರೆಗೆ, ಹೊಕ್ಕುಳಿಗಿಂತ 3 ಸೆಂ.ಮೀ. ಮೇಲೆ 22 ಮಿ.ಮೀ.ವರೆಗೆ, 2 ಸೆಂ.ಮೀ. ಕೆಳಗೆ 16 ಮಿ.ಮೀ.ವರೆಗೆ ಇದ್ದರೂ ಸಹಜವೇ ಎಂದು ಹೇಳಿತು. ಅಂದರೆ ಯಾರ ಹೊಟ್ಟೆಯಲ್ಲೂ ಈ ಅಂತರ ಸೊನ್ನೆಯಾಗಿರುವುದಿಲ್ಲ. ಅದನ್ನು ಪೂರ್ತಿ ‘ಮುಚ್ಚಿಸುವ’ ಗುರಿಯೇ ತಪ್ಪು.

ನಾನು ಮೊದಲ ಸಲ ಪರೀಕ್ಷೆ ಮಾಡಿದಾಗ ಎರಡೂವರೆ ಬೆರಳು ಎಂದು ಬರೆದುಕೊಂಡು ಕೈ ತೆಗೆದುಬಿಟ್ಟಿದ್ದೆ. ಕಲಿಸುತ್ತಿದ್ದವರು ಅಲ್ಲೇ ಮತ್ತೆ ಕೈ ಇಡಿಸಿ, ಬೆರಳಿನ ತುದಿಯಿಂದ ಮೆಲ್ಲಗೆ ಒತ್ತಲು ಹೇಳಿದರು. ತಲೆ ಎತ್ತಿದಾಗ ಆ ತಾಯಿಯ ಹೊಟ್ಟೆಯ ನಡುಗೆರೆ ಬದುವಿನಂತೆ ಉದ್ದಕ್ಕೆ ಉಬ್ಬಿತು, ಬೆರಳು ಮೆತ್ತಗೆ ಒಳಕ್ಕೆ ಇಳಿಯಿತು. ಬಳಿಕ, ತಲೆ ಎತ್ತುವ ಮುನ್ನ ಮೂತ್ರ ತಡೆಹಿಡಿಯುವಾಗ ಮಾಡುವ ಹಾಗೆ ಶ್ರೋಣಿತಳದ (ಸೊಂಟಗೂಡಿನ ತಳಭಾಗದ) ಸ್ನಾಯುಗಳನ್ನು ಮೇಲಕ್ಕೆಳೆದು, ಕೆಳಹೊಟ್ಟೆಯನ್ನು ನಿಧಾನವಾಗಿ ಒಳಸೆಳೆದುಕೊಳ್ಳಲು ಅವರಿಗೆ ಹೇಳಿಕೊಟ್ಟರು. ಈ ಸಲ ಉಬ್ಬು ಬಹುಮಟ್ಟಿಗೆ ಇಳಿದಿತ್ತು, ಬೆರಳಿನ ಕೆಳಗೆ ಪಟ್ಟಿ ಬಿಗಿದ ಬಟ್ಟೆಯಂತೆ ತಡೆ ಕೊಟ್ಟಿತು. ಆಶ್ಚರ್ಯವೆಂದರೆ, ಅಂತರ ಮೊದಲಿಗಿಂತ ಕಡಿಮೆಯಾಗಿರಲಿಲ್ಲ, ತುಸು ಅಗಲವಾಗಿಯೇ ಇತ್ತು.

ಇದಕ್ಕೆ ಕಾರಣವಿದೆ. ತಲೆ ಎತ್ತುವಾಗ ರೆಕ್ಟಸ್ ಸ್ನಾಯುಗಳು ನಡುವಿನತ್ತ ಸರಿದು ಅಂತರ ಕಿರಿದಾಗುತ್ತದೆ, ಆದರೆ ಪಟ್ಟಿ ಸಡಿಲವಾಗಿ ನೆರಿಗೆಗಟ್ಟುತ್ತದೆ. ಹೊಟ್ಟೆಯನ್ನು ನಡುಪಟ್ಟಿಯಂತೆ ಸುತ್ತುವರಿದಿರುವ ಟ್ರಾನ್ಸ್‌ವರ್ಸಸ್ ಸ್ನಾಯು ಮೊದಲೇ ಬಿಗಿದುಕೊಂಡರೆ, ಅದು ಪಟ್ಟಿಯನ್ನು ಎರಡೂ ಪಕ್ಕಕ್ಕೆ ಎಳೆಯುವುದರಿಂದ ಅಂತರ ಅಷ್ಟು ಕಿರಿದಾಗುವುದಿಲ್ಲ, ಪಟ್ಟಿ ಮಾತ್ರ ಬಿಗಿಯಾಗುತ್ತದೆ. ಸಂಶೋಧಕರಾದ ಲೀ ಮತ್ತು ಹಾಜಸ್ 2016ರಲ್ಲಿ ಅಲ್ಟ್ರಾಸೌಂಡ್ ಬಳಸಿ ತೋರಿಸಿದ್ದು ಇದನ್ನೇ. ಒಳಗಿನ ಒತ್ತಡವನ್ನು ತಡೆದು, ಒಂದು ಪಕ್ಕದ ಬಲವನ್ನು ಇನ್ನೊಂದು ಪಕ್ಕಕ್ಕೆ ದಾಟಿಸುವುದು ಲೀನಿಯಾ ಆಲ್ಬಾದ ಕೆಲಸ. ಆ ಕೆಲಸಕ್ಕೆ ಬೇಕಾದದ್ದು ಬಿಗಿ. ಹಾಗಾಗಿ ಪ್ರತಿದಿನ ಬೆರಳಿಟ್ಟು ಅಳೆದು ಕುಗ್ಗುವ ತಾಯಿಗೆ, ಅಳತೆ ಬದಲಾಗದಿದ್ದರೂ ಹೊಟ್ಟೆ ಬಲಗೊಳ್ಳುತ್ತಿರಬಹುದು ಎಂದು ನಾವು ಮನಗಾಣಿಸಬೇಕು.

ತಾನಾಗಿ ಆಗುವ ಚೇತರಿಕೆಯ ಹೆಚ್ಚಿನ ಪಾಲು ಮೊದಲ 8 ವಾರಗಳಲ್ಲಿ ನಡೆಯುತ್ತದೆ. ಆ ದಿನಗಳಲ್ಲಿ ವ್ಯಾಯಾಮಕ್ಕಿಂತ ನಿತ್ಯದ ಚಲನೆಗಳ ಕಡೆ ಗಮನ ಕೊಡುವುದು ಮೇಲು: ಹಾಸಿಗೆಯಿಂದ ನೇರವಾಗಿ ಏಳದೆ ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗೆ ಬಿಟ್ಟು, ಕೈಯೂರಿ ಏಳಬೇಕು; ಮಗುವನ್ನು ಎತ್ತುವಾಗ ಉಸಿರು ಬಿಗಿಹಿಡಿಯದೆ ಹೊರಬಿಡಬೇಕು; ಮಲಬದ್ಧತೆಯಿಂದ ತಿಣುಕುವಂತಾಗದ ಹಾಗೆ ನೋಡಿಕೊಳ್ಳಬೇಕು. ಪಕ್ಕೆಗಳು ಅಗಲವಾಗಿ ಹಿಗ್ಗುವಂತೆ ಉಸಿರಾಡುವುದನ್ನೂ ಶ್ರೋಣಿತಳದ ವ್ಯಾಯಾಮವನ್ನೂ ನೋವಿಲ್ಲದಿದ್ದರೆ ಬೇಗನೆ ಆರಂಭಿಸಬಹುದು. ಸಿಸೇರಿಯನ್ ಆದವರಲ್ಲಿ ಸಾಮಾನ್ಯವಾಗಿ ರೆಕ್ಟಸ್ ಸ್ನಾಯುಗಳನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿರುತ್ತಾರೆ. ಆದರೂ ಗಾಯ ಮಾಯುವ ಅವಧಿಯನ್ನು ಗೌರವಿಸಿ, ವೈದ್ಯರು ಒಪ್ಪಿದ ಮೇಲೆಯೇ ಮುಂದಿನ ಹೆಜ್ಜೆಯಿಡಬೇಕು.

ಬಳಿಕ ಅಂಗಾತ ಮಲಗಿ ಒಂದೊಂದೇ ಹಿಮ್ಮಡಿಯನ್ನು ಜಾರಿಸುವುದು, ಮಂಡಿ ಮತ್ತು ಅಂಗೈ ಊರಿ ಒಂದು ಪಕ್ಕದ ಕೈಯನ್ನೂ ಇನ್ನೊಂದು ಪಕ್ಕದ ಕಾಲನ್ನೂ ಚಾಚುವುದು, ಆಮೇಲೆ ನಿಂತು ಭಾರ ಎತ್ತುವುದು, ಹೀಗೆ ಹಂತಹಂತವಾಗಿ ಸಾಗಬಹುದು. ಯಾವುದೇ ಹಂತದಲ್ಲಿ ನಡುಗೆರೆ ಬದುವಿನಂತೆ ಉಬ್ಬಿದರೆ, ಆ ಹೊತ್ತಿಗೆ ಭಾರ ಹೆಚ್ಚಾಯಿತೆಂದು ತಿಳಿದು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಹೊಟ್ಟೆಗೆ ಸುತ್ತುವ ಬೆಲ್ಟ್ ಆಸರೆಯ ನೆಮ್ಮದಿ ಕೊಡಬಲ್ಲದು, ಸ್ನಾಯುವಿನ ಕೆಲಸವನ್ನು ಅದು ಕಲಿಸಲಾರದು. ನಿರ್ದಿಷ್ಟವಾದ ಒಂದು ವ್ಯಾಯಾಮವೇ ಅಂತರವನ್ನು ಖಂಡಿತ ಮುಚ್ಚುತ್ತದೆ ಎನ್ನಲು ಬಲವಾದ ಪುರಾವೆಯಿಲ್ಲ ಎಂಬುದನ್ನೂ ತಾಯಂದಿರಿಂದ ಮುಚ್ಚಿಡಬಾರದು. ತಿಂಗಳುಗಟ್ಟಲೆ ಸರಿಯಾಗಿ ಅಭ್ಯಾಸ ಮಾಡಿದ ಮೇಲೂ ಹೊಟ್ಟೆ ಆಧಾರ ಕೊಡದಿದ್ದರೆ, ಪಟ್ಟಿಯನ್ನು ಮಡಿಚಿ ಹೊಲಿಯುವ ಶಸ್ತ್ರಚಿಕಿತ್ಸೆಯಿದೆ. ಮುಂದೆ ಮಕ್ಕಳು ಬೇಡವೆಂದು ತೀರ್ಮಾನಿಸಿದ ನಂತರವೇ ಅದನ್ನು ಮಾಡಿಸಿಕೊಳ್ಳಲು ಸಾಮಾನ್ಯವಾಗಿ ಸಲಹೆ ನೀಡುತ್ತಾರೆ.

ಹೊಕ್ಕುಳಿನ ಬಳಿ ಗಂಟಿನಂಥ ಉಬ್ಬು ಕೈಗೆ ಸಿಕ್ಕರೆ ಅದು ಹರ್ನಿಯಾ (ಹೊಟ್ಟೆಯ ಗೋಡೆಯ ದುರ್ಬಲ ಜಾಗದಿಂದ ಒಳಗಿನ ಭಾಗ ಹೊರಚಾಚುವುದು) ಆಗಿರಬಹುದು. ಆ ಗಂಟು ಒತ್ತಿದರೂ ಒಳಗೆ ಹೋಗದೆ ನೋವು, ವಾಂತಿ ಅಥವಾ ಬಣ್ಣ ಬದಲಾವಣೆ ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. ದಾಖಲೆಯಲ್ಲಿ ಬರೆಯುವಾಗ ಬೆರಳುಗಳ ಸಂಖ್ಯೆಯ ಪಕ್ಕದಲ್ಲೇ ಮುಟ್ಟಿದ ಜಾಗ, ಪಟ್ಟಿಯ ಬಿಗಿ, ಉಬ್ಬು ಬಂದ ಚಲನೆ ಮತ್ತು ಆ ತಾಯಿಗೆ ಈಗ ಕಷ್ಟವಾಗುತ್ತಿರುವ ಕೆಲಸ ಯಾವುದು ಎಂಬುದನ್ನೂ ಸೇರಿಸಿ.